ಒಳಗಾಲು ಇಪ್ಪತ್ತೊಂಬತ್ತೂವರೆ

ಆ ವಾರ ಅವಳ ದಿನಚರಿಯ ಮೊದಲ ಸಾಲು ಹೀಗಿತ್ತು: "ಭಾವನ ಅಳತೆ ನಾನು ತೆಗೆಯಲಿಲ್ಲ. ಕದ್ದೆ."

ಬರೆದವಳು "ಕದ್ದೆ"ಯನ್ನು ಹೊಡೆದುಹಾಕಿ "ಎರವಲು ತಂದೆ" ಎಂದು ತಿದ್ದಿದಳು. ಅದೂ ಸರಿಬರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ, ಕೊನೆಗೆ ಸಾಲಿನ ಕೆಳಗೊಂದು ಗೆರೆ ಎಳೆದು ಎದ್ದುಬಿಟ್ಟಳು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವವರುಂಟೇ? ಚಪ್ಪಲಿಯೊಳಗೆ ಸೇರಿದ ಹರಳು ನೋಡುವವರಿಗೆ ಸಣ್ಣದು. ನಡೆಯುವವರಿಗೆ ಮಾತ್ರ ಅದರ ಗಾತ್ರ ಗೊತ್ತು.

ಮನೆಯಲ್ಲಿ ಅವಳನ್ನು ಗುಮ್ಮಿ ಎನ್ನುತ್ತಿದ್ದರು. ಗುಮ್ಮನಗುಸಕಿ ಎಂಬ ಉದ್ದದ ಬಿರುದನ್ನು ಅಕ್ಕ ದಿನಬಳಕೆಗೆಂದು ಕತ್ತರಿಸಿ ಚಿಕ್ಕದು ಮಾಡಿದ್ದಳು. ಸಂಖ್ಯಾಶಾಸ್ತ್ರದ ಪದವಿ ಮುಗಿದು ಎಂಟು ತಿಂಗಳಾಗಿತ್ತು. ಮೂರು ಕಡೆ ಕೆಲಸಕ್ಕೆ ಹೋಗಿ ಬಂದಿದ್ದಳು. ಬರೆಯುವ ಪರೀಕ್ಷೆಯಲ್ಲಿ ಮೂರೂ ಕಡೆ ಎಲ್ಲರಿಗಿಂತ ಮುಂದೆ, ಬಾಯಿ ತೆರೆಯಬೇಕಾದ ಕೋಣೆಯಲ್ಲಿ ಮೂರೂ ಕಡೆ ಎಲ್ಲರಿಗಿಂತ ಹಿಂದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ಯಾರೋ ತನ್ನನ್ನು ನೋಡಿಯೇ ಕಟ್ಟಿರಬೇಕು ಎಂದು ಅವಳಿಗೆ ಅನಿಸುತ್ತಿತ್ತು. ಸದ್ಯಕ್ಕೆ ಕೆಳಗಿನ ಅಂತಸ್ತಿನಲ್ಲಿದ್ದ ಅಪ್ಪನ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕಿಕೊಂಡು, ಗುಂಡಿ ಹೊಲಿದುಕೊಂಡು, ಯಾರೂ ಏನೂ ಕೇಳದ ಮೂಲೆಯೊಂದರಲ್ಲಿ ಕೂತಿರುತ್ತಿದ್ದಳು.

ಅಂಥವಳನ್ನು ಮೂರು ವಾರದ ಕೆಳಗೆ ಭಾವ ಒಂದು ಕೆಲಸಕ್ಕೆ ಹಚ್ಚಿದ್ದ.

ಅಕ್ಕ-ಭಾವ ಮೇಲಿನ ಅಂತಸ್ತಿನಲ್ಲಿದ್ದರು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಭಾವನದು ಲಿಫ್ಟ್ ರಿಪೇರಿ. "ದಿನಾ ಊರಿನವರನ್ನೆಲ್ಲ ಮೇಲಕ್ಕೆ ಕಳಿಸೋ ಮನುಷ್ಯ, ತಾನು ಮಾತ್ರ ಕಾಲಲ್ಲೇ ಬೆಟ್ಟ ಹತ್ತಬೇಕು ಅಂತಾನೆ," ಎಂದು ಅಪ್ಪ ಗಿರಾಕಿಗಳ ಮುಂದೆ ಅಳಿಯನನ್ನು ಆಡಿಕೊಳ್ಳುತ್ತಿದ್ದ. ಮಾತು ನಿಜವೇ. ಭಾವ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಪ್ರತಿ ವರ್ಷ ಊರಾಚೆಯ ಬೆಟ್ಟಕ್ಕೆ ಒಂದು ಸೈಕಲ್ ಓಟ ನಡೆಯುತ್ತಿತ್ತು, ಒಟ್ಟು ನಲವತ್ತೆರಡು ಕಿಲೋಮೀಟರು, ಕೊನೆಯ ಹನ್ನೊಂದು ಬರೀ ಏರು. ಹೋದ ವರ್ಷ ಭಾವ ಆ ಏರಿನ ಮೂರನೆಯ ತಿರುವಿನಲ್ಲಿ ಮಂಡಿ ಹಿಡಿದುಕೊಂಡು ಇಳಿದಿದ್ದ. ಉಳಿದ ದಾರಿ ನಡೆದೇ ಹೋದ. ಅವನ ಜೊತೆಯ ಕೆಲಸಗಾರರು ಇಂದಿಗೂ "ಏನಣ್ಣ, ಲಿಫ್ಟು ಮೂರನೇ ಮಹಡೀಲಿ ಕೆಟ್ಟು ನಿಂತ್ಕೊಂಡಿತಂತೆ?" ಎಂದು ಕೇಳುತ್ತಾರೆ. ಭಾವ ನಗುತ್ತಾನೆ. ನಕ್ಕ ಮೇಲೆ ಮೆಟ್ಟಿಲು ಹತ್ತುವಾಗ ಕಟಕಟೆ ಹಿಡಿಯುತ್ತಾನೆ.

ಮಂಡಿಯ ಡಾಕ್ಟರು ಎಕ್ಸ್-ರೇ ನೋಡಿ ಹೇಳಿದ್ದು ಒಂದೇ ಮಾತು. ಹಳೆಯ ಸೈಕಲ್ಲು ಇವನಿಗೆ ಚಿಕ್ಕದು. ಯಾರೋ ಓಡಿಸಿ ಬಿಟ್ಟಿದ್ದನ್ನು ತಂದದ್ದು, ಸೀಟು ಕೆಳಗೆ, ತುಳಿದಾಗಲೆಲ್ಲ ಮಂಡಿ ಮುದುರುತ್ತದೆ. ಇನ್ನೊಂದೆರಡು ವರ್ಷ ಹೀಗೇ ತುಳಿದರೆ ಸೈಕಲ್ಲಷ್ಟೇ ಅಲ್ಲ, ಮೆಟ್ಟಿಲನ್ನೂ ಮರೆಯಬೇಕು.

"ಹಾಗಾದ್ರೆ ಹೊಸದೇ ತಗೊಳ್ತೀನಿ. ಜೀವಮಾನಕ್ಕೊಂದು, ರೇಸಿನವರು ಓಡಿಸೋ ಅಂಥದ್ದೇ," ಎಂದಿದ್ದ ಭಾವ. "ಆದ್ರೆ ನನಗೆ ನೋಡಿದ್ದೆಲ್ಲ ಇಷ್ಟ ಆಗತ್ತೆ. ಗುಮ್ಮಿ, ನೀನು ತೂಗಿ ನೋಡಿ ಹೇಳು. ನೀನು ಓದಿರೋದೇ ಅದನ್ನಲ್ವಾ?"

ಅವಳು ಓದಿದ್ದು ಅದನ್ನಲ್ಲ. ಆದರೂ ಹೂಂಗುಟ್ಟಿದಳು. ಯಾರಾದರೂ ತನ್ನನ್ನು ಏನಾದರೂ ಕೇಳಿ ಎಷ್ಟು ಕಾಲವಾಗಿತ್ತು!

ಮೂರು ವಾರ ಅವಳು ಅದರಲ್ಲೇ ಮುಳುಗಿದಳು. ಸೈಕಲ್ಲಿನ ಕೈಪಿಡಿಗಳು, ಓಡಿಸಿದವರ ಬರಹ, ಬೈದವರ ಬರಹ ಎಲ್ಲ ಓದಿ, ಉದ್ದ ಪುಸ್ತಕವೊಂದಕ್ಕೆ ಗೆರೆ ಹಾಕಿ ಕಲಂ ಮಾಡಿದಳು. ಜರಡಿ ಹಿಡಿದ ಮೇಲೆ ಉಳಿದವು ಮೂರು. ಕಂಪನಿಗಳು ಇಟ್ಟ ಹೆಸರು ಅವಳಿಗೆ ಹಿಡಿಸಲಿಲ್ಲ, ಎಲ್ಲವೂ ಕ್ಷಿಪಣಿಗಳ ಹೆಸರಿನ ಹಾಗಿದ್ದವು. ದಿನಚರಿಯಲ್ಲೂ ಹೋಲಿಕೆಯ ಪಟ್ಟಿಯಲ್ಲೂ ತಾನೇ ನಾಮಕರಣ ಮಾಡಿದಳು. ಮೊದಲನೆಯದು ಕತ್ತಿ. ಗಾಳಿ ಸೀಳಲೆಂದು ಕೊಳವೆಗಳನ್ನೆಲ್ಲ ಚಪ್ಪಟೆ ಮಾಡಿ, ಚಕ್ರದ ಅಂಚನ್ನು ಅಂಗೈಯಷ್ಟು ಅಗಲ ಮಾಡಿದ್ದು. ಸಪಾಟು ರಸ್ತೆಯಲ್ಲಿ ಅದರ ಮುಂದೆ ಇನ್ನೊಂದಿಲ್ಲ, ಪಕ್ಕದಿಂದ ಗಾಳಿ ಬೀಸಿದರೆ ಮಾತ್ರ ಹಟಮಾರಿ ಮಗುವಿನಂತೆ ರಸ್ತೆಯ ಅಂಚಿಗೆ ಎಳೆಯುತ್ತದೆ. ಎರಡನೆಯದು ಸಮಾಧಾನಿ. ಹ್ಯಾಂಡಲ್ಲು ಎತ್ತರ, ಟೈರು ದಪ್ಪ, ದಿನವಿಡೀ ಕೂತರೂ ಬೆನ್ನು ದೂರು ಹೇಳುವುದಿಲ್ಲ. ಮೂರನೆಯದು ಬಡಕಲು. ಆರು ಕಿಲೋ ಎಂಟುನೂರು ಗ್ರಾಂ. ಒಂದೇ ಕೈಯಲ್ಲಿ ಎತ್ತಿದಾಗ ಅವಳಿಗೆ ಪಾಪ ಅನಿಸಿತ್ತು, ಇದಕ್ಕೆ ಹೊಟ್ಟೆಗೇ ಹಾಕಿಲ್ಲವೇನೋ ಅನ್ನುವಷ್ಟು ಹಗುರ.

ಸೈಕಲ್ ಅಂಗಡಿಯ ಹಿಂದಿನ ಓಣಿಯಲ್ಲಿ ಭಾವ ಮೂರನ್ನೂ ಓಡಿಸಿ ನೋಡಿದ. ಇಳಿದ ಮೇಲೆ ಅವನು ಆಡುವ ಮೊದಲ ಮಾತನ್ನೇ ಅವಳು ಬರೆದುಕೊಂಡಳು. ಕತ್ತಿಯಿಂದ ಇಳಿದಾಗ "ಅಬ್ಬಬ್ಬಾ!" ಸಮಾಧಾನಿಯಿಂದ ಇಳಿದಾಗ "ಚೆನ್ನಾಗಿದೆ," ಅದೂ ನೆಂಟರ ಮನೆಯ ಸೋಫಾ ಹೊಗಳುವ ದನಿಯಲ್ಲಿ. ಬಡಕಲಿನಿಂದ ಅವನು ಇಳಿಯಲೇ ಇಲ್ಲ. ಮಾತೇ ಆಡದೆ ಇನ್ನೊಂದು ಸುತ್ತು ಹೋದ. ಅವಳು ಮೌನಕ್ಕೇ ಹೆಚ್ಚು ಅಂಕ ಕೊಟ್ಟಳು. ಮೌನದ ಬೆಲೆ ಅವಳಿಗೆ ಗೊತ್ತಿದ್ದಷ್ಟು ಇನ್ನಾರಿಗೆ ಗೊತ್ತು!

ಅಂಗಡಿ ನಡೆಸುತ್ತಿದ್ದಾಕೆ ಒಂದು ಕಾಲಕ್ಕೆ ತಾನೇ ಓಟಗಳಲ್ಲಿ ಓಡಿಸಿದವಳು. ಗಿಡ್ಡ ಕತ್ತರಿಸಿದ ನರೆಗೂದಲು, ಬೆರಳಿನ ಗೆರೆಗಳಲ್ಲೆಲ್ಲ ಗ್ರೀಸು. ಹೊರಡುವಾಗ ಆಕೆ ಒಂದು ಹಾಳೆ ಕೊಟ್ಟಿದ್ದಳು. "ಇಲ್ಲಿ ಓಡಿಸಿದ್ದು ಯಾರ್ಯಾರದೋ ಸೈಜು. ಮನೇಲಿ ಸಮಾಧಾನವಾಗಿ ಅಳತೆ ತಗೊಂಡು ಬನ್ನಿ. ಉಳಿದಿದ್ದು ಆಚೀಚೆ ಆದ್ರೂ ನಡೆಯತ್ತೆ, ಒಳಗಾಲಿನ ಉದ್ದ ಮಾತ್ರ ತಪ್ಪಬಾರದು. ಸೈಕಲ್ಲಿನ ಸೈಜು, ಸೀಟಿನ ಎತ್ತರ, ಎಲ್ಲ ಅದರ ಮೇಲೇ ನಿಂತಿರೋದು."

ಎಡವಿದ್ದು ಅಲ್ಲಿಯೇ.

ಹಾಳೆಯಲ್ಲಿ ಚಿತ್ರ ಸಮೇತ ವಿವರಿಸಿದ್ದರು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲಬೇಕು. ಒಂದು ದಪ್ಪ ಪುಸ್ತಕವನ್ನು ತೊಡೆಗಳ ನಡುವೆ ಇಟ್ಟು, ಇನ್ನು ಮೇಲೆ ಹೋಗದಷ್ಟು ಮೇಲಕ್ಕೆ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಬೇಕು.

ಆ ಇನ್ನೊಬ್ಬರು ತಾನು. ಆ ತೊಡೆಗಳು ಭಾವನವು.

ಚಿತ್ರ ನೋಡಿದ್ದಕ್ಕೇ ಅವಳ ಕಿವಿ ಬಿಸಿಯಾಯಿತು. "ಬಾ ಗುಮ್ಮಿ, ಅದೇನು ಅಳೀಬೇಕೋ ಅಳ್ಕೊಂಡುಬಿಡು," ಎಂದು ಭಾವ ಕೈಗಳನ್ನು ರೆಕ್ಕೆಯಂತೆ ಅಗಲಿಸಿ ನಿಂತಾಗ ಅವಳು ಭುಜ ಅಳೆದಳು, ತೋಳು ಅಳೆದಳು, ಎತ್ತರ ಅಳೆದಳು. ಆಮೇಲೆ "ಆಯ್ತು," ಎಂದು ಗೊಣಗಿ ಇಳಿದು ಬಂದಳು. ಹಾಳೆಯ ಚಿತ್ರ ನೋಡಿರದ ಭಾವ ಎಲ್ಲ ಮುಗಿಯಿತೆಂದೇ ನಂಬಿದ. ಅಕ್ಕನಿಗೆ ಹೇಳಬಹುದಿತ್ತು. ಹೇಳಿದ್ದರೆ ಅಕ್ಕ ಮನೆಯೇ ಹಾರುವಂತೆ ನಕ್ಕು, ಆ ನಗುವನ್ನು ಹತ್ತು ವರ್ಷ ಬಾಳಿಸುತ್ತಿದ್ದಳು.

ಆಗ ಕಣ್ಣಿಗೆ ಬಿದ್ದದ್ದು ಅಪ್ಪನ ಅಳತೆ ಪುಸ್ತಕ. ಅದರಲ್ಲಿ ಗಿರಾಕಿಗಳ ಹೆಸರಿರುವುದಿಲ್ಲ, ಅಪ್ಪ ಅವರನ್ನು ಕಂಡ ಬಗೆ ಇರುತ್ತದೆ: ಗಡಿಯಾರದವನು, ಎಡಭುಜ ಇಳಿದವರು, ಹೊಟ್ಟೆ ಮೇಷ್ಟ್ರು. "ಅಳಿಯ" ಎಂಬ ಪುಟವೂ ಇತ್ತು. ಸೊಂಟ, ತೊಡೆ, ಉದ್ದ, ಒಳಗಾಲು. ಒಳಗಾಲು ಇಪ್ಪತ್ತೊಂಬತ್ತೂವರೆ ಇಂಚು. ಅವಳು ಅದನ್ನು ಸೆಂಟಿಮೀಟರಿಗೆ ತಿರುಗಿಸಿದಳು. ಎಪ್ಪತ್ತನಾಲ್ಕು ಬಿಂದು ಒಂಬತ್ತು ಮೂರು. ಹಾಗೆಯೇ ಬರೆದಳು, ಒಂದು ಅಂಕಿಯನ್ನೂ ಬಿಡದೆ. ಸಂಖ್ಯಾಶಾಸ್ತ್ರ ಅವಳಿಗೆ ಕಲಿಸಿದ ಒಂದು ಗುಟ್ಟಿತ್ತು. ಬಿಂದುವಿನ ಆಚೆ ಎರಡು ಅಂಕಿ ಇದ್ದರೆ ಸುಳ್ಳಿಗೂ ಜನ ಕುರ್ಚಿ ಹಾಕುತ್ತಾರೆ.

ಆ ಹೊತ್ತಿಗೆ ಅದು ಸುಳ್ಳು ಎಂದೂ ಅನಿಸಿರಲಿಲ್ಲ. ಅಪ್ಪನ ಟೇಪು ತಪ್ಪುವುದುಂಟೇ? ಅಂಕಿ ಸರಿ, ತೆಗೆದ ದಾರಿ ಮಾತ್ರ ಅಡ್ಡದಾರಿ. ದಿನಚರಿಗೆ ಹೇಳಿಕೊಂಡು ಮರೆತುಬಿಡಬಹುದಾದಷ್ಟು ಸಣ್ಣ ಕಳವು.

ಗುರುವಾರದ ತನಕ.

ಗುರುವಾರ ಬೆಳಿಗ್ಗೆ ಎತ್ತರದ ಗಿರಾಕಿಯೊಬ್ಬ ಹೊಸ ಪ್ಯಾಂಟು ಹಿಡಿದುಕೊಂಡು ಜಗಳಕ್ಕೆ ಬಂದ. ಕೈಯಲ್ಲಿ ಯಾವುದೋ ಆಸ್ಪತ್ರೆಯ ಚೀಟಿ.

"ನೋಡಿ ಯಜಮಾನ್ರೇ, ಇಲ್ಲಿ ನನ್ನ ಒಳಗಾಲಿನ ಉದ್ದ ಎಂಬತ್ತಾರು ಅಂತ ಬರೆದಿದಾರೆ. ನಿಮ್ಮ ಚೀಟೀಲಿ ಮೂವತ್ತೊಂದು ಇಂಚು, ಅಂದ್ರೆ ಎಪ್ಪತ್ತೊಂಬತ್ತು. ಏಳು ಸೆಂಟಿಮೀಟರು ಬಟ್ಟೆ ಎಲ್ಲಿ ಹೋಯ್ತು?"

ಅಪ್ಪನಿಗೆ ಸಿಟ್ಟು ಬರಲಿಲ್ಲ. ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ. "ಅವರು ನಿಮ್ಮ ಕಾಲು ಅಳೆದಿದಾರೆ ಸ್ವಾಮಿ. ನಾನು ಬಟ್ಟೆ ಅಳೀತೀನಿ. ಮೇಲೆ ಸ್ವಲ್ಪ ಸಡಿಲ ಬಿಡಬೇಕು, ಇಲ್ಲಾಂದ್ರೆ ಕೂರೋಕೆ ಆಗಲ್ಲ. ಕೆಳಗೆ ನೆಲ ಮುಟ್ಟಬಾರದು, ಮುಟ್ಟಿದ್ರೆ ಬೀದಿ ಗುಡಿಸ್ತೀರ. ಕಾಲಿನ ಉದ್ದಾನೇ ಬೇರೆ, ಪ್ಯಾಂಟಿನ ಉದ್ದಾನೇ ಬೇರೆ. ನಲವತ್ತು ವರ್ಷದಲ್ಲಿ ನಾನು ಒಬ್ಬರ ಕಾಲನ್ನೂ ಅಳೆದವನಲ್ಲ."

ಗುಮ್ಮಿಯ ಸೂಜಿ ಗುಂಡಿಯ ತೂತು ಬಿಟ್ಟು ಹೆಬ್ಬೆರಳಿಗೆ ಹೋಯಿತು.

ಕಾಲಿನ ಉದ್ದ ಬೇರೆ, ಪ್ಯಾಂಟಿನ ಉದ್ದ ಬೇರೆ. ಏಳು ಸೆಂಟಿಮೀಟರು. ಬೆರಳು ಬಾಯಲ್ಲಿಟ್ಟುಕೊಂಡೇ ಮನಸ್ಸಿನಲ್ಲಿ ಲೆಕ್ಕ ಮಾಡಿದಳು. ಭಾವನ ನಿಜವಾದ ಒಳಗಾಲು ಎಂಬತ್ತೆರಡರ ಆಸುಪಾಸು. ಅಂದರೆ ಐವತ್ತನಾಲ್ಕರ ಸೈಜಿನ ಸೈಕಲ್ಲು. ಪುಸ್ತಕದ ಅಳತೆ ನಂಬಿ ತಾನು ಬರೆದುಕೊಟ್ಟದ್ದು ಐವತ್ತು. ಸೀಟು ಆರು ಸೆಂಟಿಮೀಟರು ತಗ್ಗು. ಜೀವಮಾನಕ್ಕೊಂದು ಎಂದು ತರುವ ಸೈಕಲ್ಲಿನಲ್ಲೂ ಭಾವನ ಮಂಡಿ ಮೊದಲಿನ ಹಾಗೆಯೇ ಮುದುರಲಿತ್ತು, ಅದೂ ತನ್ನ ಕೈಬರಹದ ಪ್ರಕಾರ.

ಹೇಳಿಬಿಡಬೇಕು, ಈಗಲೇ, ಎಂದುಕೊಂಡು ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ನಿಂತಳು. ಇಳಿದಳು. ದಾರದ ಉಂಡೆ ಮರೆತಿದ್ದೇನೆ ಎಂಬ ನೆವ ಮಾಡಿಕೊಂಡು ಅಂಗಡಿಗೆ ಬಂದು, ಬೇಡದ ದಾರದ ಉಂಡೆ ಹಿಡಿದುಕೊಂಡು ಮತ್ತೆ ಹತ್ತಿದಳು. ಸಂಜೆಯವರೆಗೆ ಹೀಗೆ ಆರು ಸಲ. "ಏನಮ್ಮ, ಲಿಫ್ಟಿನವರ ಮನೇಲಿ ನೀನೂ ಕೆಲಸಕ್ಕೆ ಸೇರಿದ್ಯಾ?" ಎಂದ ಅಪ್ಪ.

ಏಳನೆಯ ಸಲ ಭಾವನೇ ಎದುರು ಸಿಕ್ಕ. ಕೆಲಸದಿಂದ ಈಗಷ್ಟೇ ಬಂದಿದ್ದ. ಕಾಲನ್ನು ಸ್ಟೂಲಿನ ಮೇಲಿಟ್ಟು ಮಂಡಿಗೆ ಐಸಿನ ಚೀಲ ಕಟ್ಟಿಕೊಂಡಿದ್ದ. ಮುಖ ಮಾತ್ರ ದೀಪ ಹಚ್ಚಿಟ್ಟಂತಿತ್ತು.

"ಗುಮ್ಮಿ! ನಿನಗೇ ಹೇಳೋಣ ಅಂತಿದ್ದೆ. ಅಂಗಡಿಗೆ ಫೋನ್ ಮಾಡಿದ್ದೆ. ನೀನು ಹೇಳಿದ ಸೈಕಲ್ಲು, ಅದೇನೋ ಹೆಸರಿಟ್ಟಿದೀಯಲ್ಲ..."

"ಬಡಕಲು."

"ಹಾಂ, ಬಡಕಲು. ಅದರಲ್ಲಿ ಒಂದೇ ಒಂದು ಉಳಿದಿದೆಯಂತೆ. ಯಾವ ಸೈಜು ಹೇಳು? ಐವತ್ತು! ನನ್ನದೇ! ಬೇರೆ ಯಾವ ಸೈಜು ಬೇಕಾದ್ರೂ ಹತ್ತು ವಾರ ಕಾಯಬೇಕಂತೆ. ಓಟಕ್ಕೆ ಉಳಿದಿರೋದು ಆರೇ ವಾರ. ನನ್ನ ಅದೃಷ್ಟ ನೋಡು."

ಅಡಿಗೆಮನೆಯಿಂದ ಅಕ್ಕನ ದನಿ ಬಂತು. "ಅದೃಷ್ಟ ಅಂತೆ! ಮೂರು ವಾರ ಕಣ್ಣು ಕೆಂಪು ಮಾಡ್ಕೊಂಡು ಬರೆದವಳು ಅವಳು. ಅವಳಿಗೆ ಒಂದು ಮಾತು ಒಳ್ಳೇದು ಹೇಳಿ."

"ಹೇಳದೆ ಇರ್ತೀನಾ? ಬೆಟ್ಟದ ತುದೀಲಿ ಫೋಟೋ ತೆಗೀತಾರಲ್ಲ, ಅದರ ಹಿಂದೆ ಬರೆಸ್ತೀನಿ, ಗುಮ್ಮಿಯ ಕೃಪೆ ಅಂತ."

ಅವಳು ದಾರದ ಉಂಡೆಯನ್ನು ಭಾವನ ಕೈಗೆ ಕೊಟ್ಟು ಇಳಿದುಬಿಟ್ಟಳು. ಯಾಕೆ ಕೊಟ್ಟಳೆಂದು ಅವನಿಗೂ ತಿಳಿಯಲಿಲ್ಲ, ಅವಳಿಗೂ.

ಅತ್ತ ದರಿ, ಇತ್ತ ಹುಲಿ. ಹೇಳಿದರೆ ಈ ವರ್ಷದ ಓಟ ಹೋಯಿತು, ಹೇಳದಿದ್ದರೆ ಮಂಡಿ ಹೋಯಿತು. ಆ ರಾತ್ರಿ ದಿನಚರಿಯಲ್ಲಿ ಅವಳು ಎರಡು ಕಲಂ ಮಾಡಿ ಹೋಲಿಸಲು ಕೂತಳು. ಓಟ ಮುಂದಿನ ವರ್ಷವೂ ಬರುತ್ತದೆ, ಮಂಡಿ ಬರುವುದಿಲ್ಲ. ಹೋಲಿಕೆ ಅಲ್ಲಿಗೇ ಮುಗಿಯಿತು. ಇದಕ್ಕೆ ಪದವಿಯೂ ಬೇಕಿರಲಿಲ್ಲ. ಬೇಕಾದದ್ದು ನಾಲ್ಕು ಮಾತು ಆಡುವ ಬಾಯಿ. ಅದನ್ನು ಯಾವ ಕಲಮಿನಲ್ಲಿ ಹುಡುಕುವುದು?

ಶುಕ್ರವಾರ ಮಧ್ಯಾಹ್ನ ಅವಳಿಗೊಂದು ಹುಚ್ಚು ಆಸೆ ಹುಟ್ಟಿತು. ಅಪ್ಪ ಅವತ್ತು ಭಾವನಿಗೆ ಮಾತ್ರ ಅಳತೆ ಬೇರೆ ಥರ ತೆಗೆದಿದ್ದರೆ? ಅಳಿಯ ಎಂದು ಪುಸ್ತಕದಲ್ಲಿ ಕಾಲಿನ ಉದ್ದವನ್ನೇ ಬರೆದು, ಪ್ಯಾಂಟನ್ನು ಅದಕ್ಕಿಂತ ಗಿಡ್ಡ ಹೊಲಿದಿದ್ದರೆ? ಮಾಳಿಗೆಯ ಹಗ್ಗದ ಮೇಲೆ ಭಾವನ ಪ್ಯಾಂಟುಗಳು ಒಣಗುತ್ತಿದ್ದವು. ಟೇಪು ತೆಗೆದುಕೊಂಡು ಹೋಗಿ, ತಲೆಕೆಳಗಾಗಿ ನೇತಾಡುತ್ತಿದ್ದ ಪ್ಯಾಂಟೊಂದರ ಕವಲಿನಿಂದ ಅಂಚಿನವರೆಗೆ ಹಿಡಿದಳು. ಇಪ್ಪತ್ತೊಂಬತ್ತೂವರೆ. ಪಕ್ಕದ್ದು ಹಿಡಿದಳು. ಇಪ್ಪತ್ತೊಂಬತ್ತೂವರೆ. ಅಪ್ಪನ ಕೈ ಕೂದಲೆಳೆಯಷ್ಟೂ ಜಾರಿರಲಿಲ್ಲ. ಜೀವನದಲ್ಲಿ ಮೊದಲ ಸಲ ಅಪ್ಪ ಕೆಟ್ಟ ದರ್ಜಿಯಾಗಿರಬಾರದಿತ್ತೇ ಎನಿಸಿತು. ಮೂರನೆಯ ಪ್ಯಾಂಟಿಗೆ ಕೈ ಹಾಕಿದ್ದಳಷ್ಟೇ.

"ಏನೇ ಅದು?"

ಅಕ್ಕ ಬಕೆಟ್ಟು ಸೊಂಟಕ್ಕೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನನ್ನ ಗಂಡನ ಪ್ಯಾಂಟಿನ ಹತ್ರ ನಿನಗೇನು ಕೆಲಸ?"

"ಹೊಲಿಗೆ... ಬಿಟ್ಟಿದೆಯಾ ಅಂತ."

"ಅಪ್ಪ ಹಾಕಿದ ಹೊಲಿಗೆ ಬಿಡತ್ತಾ? ಪ್ಯಾಂಟು ಹರಿದರೂ ಅದು ಬಿಡಲ್ಲ." ಅಕ್ಕ ಹತ್ತಿರ ಬಂದು ತಂಗಿಯ ಹಣೆ ಮುಟ್ಟಿ ನೋಡಿದಳು, ನರ್ಸಿನ ಕೈ, ಕೂಡಲೇ ತೆಗೆದಳು. "ಜ್ವರ ಇಲ್ಲ. ಎರಡು ದಿನದಿಂದ ನೋಡ್ತಿದೀನಿ, ಒಂದು ಕಡೆ ನಿಲ್ತಿಲ್ಲ ನೀನು. ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದೀಯ. ಏನಾಗಿದೆ ಹೇಳೇ."

ಹೇಳೇ ಎಂದಳು. ಬಾಗಿಲು ತೆರೆದಿಟ್ಟು ದಾರಿ ಬಿಟ್ಟಳು. ಮಾತು ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಅಕ್ಕ ಒದ್ದೆ ಸೀರೆ ಕೊಡವುತ್ತ ತಾನೇ ಮುಂದುವರಿಸಿದಳು: "ಅವರು ಹೀಗೆ ಕುಣಿದಾಡಿದ್ದು ನೋಡಿ ಒಂದು ವರ್ಷ ಆಯ್ತು ಕಣೇ. ಹೋದ ಸಲ ನಡ್ಕೊಂಡು ಬಂದ್ರಲ್ಲ, ಆವತ್ತು ಬಚ್ಚಲಲ್ಲಿ ನೀರು ಬಿಟ್ಕೊಂಡು ಅತ್ತಿದ್ರು. ನನಗೆ ಕೇಳಿಸಲ್ಲ ಅಂದ್ಕೊಂಡಿದ್ರು."

ಗಂಟಲಿಗೆ ಬಂದ ಮಾತು ಬಿಸಿ ತುಪ್ಪದಂತೆ ಅಲ್ಲೇ ನಿಂತಿತು. ಉಗುಳಲೂ ಆಗದು, ನುಂಗಲೂ ಆಗದು. "ಏನೂ ಇಲ್ಲ ಅಕ್ಕ," ಎಂದು ಟೇಪನ್ನು ಬೆರಳಿಗೆ ಸುತ್ತುತ್ತ ಇಳಿದಳು. ಬೆರಳ ತುದಿ ನೀಲಿಯಾಗುವಷ್ಟು ಬಿಗಿಯಾಗಿ ಸುತ್ತಿದ್ದಳು.

ಸಂಜೆ ಒಂದು ಉಪಾಯ ಹೊಳೆಯಿತು. ಅಂಜುಬುರುಕರಿಗೆ ಹೊಳೆಯುವಂಥ ಉಪಾಯ. ಹೋಲಿಕೆಯ ಪಟ್ಟಿಯನ್ನು ಅವಳು ಹೊಸ ಹಾಳೆಯಲ್ಲಿ ಅಂದವಾಗಿ ಮತ್ತೆ ಬರೆದಳು. ತೂಕ, ಗೇರು, ಚಕ್ರ, ಬ್ರೇಕು, ಅಳತೆ ಎಲ್ಲವೂ ಮೊದಲಿನ ಹಾಗೇ. ಕೊನೆಗೆ ಒಂಬತ್ತು ಟಿಪ್ಪಣಿಗಳು. ಒಂಬತ್ತನೆಯದು, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ: "ಒಳಗಾಲಿನ ಅಳತೆಯನ್ನು ಅಂಗಡಿಯಲ್ಲಿ ಇನ್ನೊಮ್ಮೆ ತೆಗೆಯುವುದು ಒಳ್ಳೆಯದು." ಬರೆದ ಮೇಲೆ ಉಸಿರು ಸ್ವಲ್ಪ ಸಲೀಸಾಯಿತು. ತಾನು ಹೇಳಬೇಕಾದ್ದನ್ನು ಕಾಗದ ಹೇಳುತ್ತದೆ. ಇಪ್ಪತ್ತೆರಡು ವರ್ಷ ಅವಳ ಬಾಳು ನಡೆದದ್ದು ಹೀಗೆಯೇ.

ಶನಿವಾರ ನಾಲ್ವರೂ ಸೈಕಲ್ ಅಂಗಡಿಗೆ ಹೊರಟರು. ಅಪ್ಪನನ್ನು ಯಾರೂ ಕರೆದಿರಲಿಲ್ಲ. "ನನ್ನ ಟೇಪಿನಿಂದ ಅಳೆದು ತರೋ ಮೊದಲ ಸೈಕಲ್ಲು ಇದು, ನಾನು ನೋಡ್ಬೇಡ್ವಾ?" ಎಂದು ತಾನೇ ಬಂದ. ಬೀದಿಯಲ್ಲೂ ಟೇಪು ಅವನ ಕೊರಳಲ್ಲೇ ಇತ್ತು. ಸ್ನಾನಕ್ಕೆ ಬಿಟ್ಟರೆ ಅವನು ಅದನ್ನು ತೆಗೆಯುತ್ತಿರಲಿಲ್ಲ.

ಅಂಗಡಿಯ ನಡುವೆ ಬಡಕಲು ಒಂದು ಸ್ಟ್ಯಾಂಡಿನ ಮೇಲೆ ನೆಲ ಬಿಟ್ಟು ನಿಂತಿತ್ತು. ಕಪ್ಪು ಬಣ್ಣ, ಬೆಳಕಿಗೆ ಹಿಡಿದರೆ ಒಳಗೆ ಹೆಣಿಗೆಯ ಎಳೆ ಕಾಣುವಂಥದ್ದು. ಅಪ್ಪ ಬಾಗಿ, ಬಟ್ಟೆ ನೋಡುವಂತೆ ಬೆರಳಲ್ಲಿ ಸವರಿ, "ನೇಯ್ಗೆ ಚೆನ್ನಾಗಿದೆ," ಎಂದ. ಭಾವ ಪಟ್ಟಿಯನ್ನು ಅಂಗಡಿಯಾಕೆಯ ಕೈಗಿತ್ತ. ಕಿಸೆಯಲ್ಲಿ ಮಡಚಿಟ್ಟುಕೊಂಡು ಬಂದಿದ್ದ. ಮಡಿಕೆ ಬಿದ್ದದ್ದು ಎಂಟನೆಯ ಟಿಪ್ಪಣಿಯ ಕೆಳಗೆ. ಆಕೆ ಮೇಲಿನ ಭಾಗವನ್ನಷ್ಟೇ ತೆರೆದು ಓದಿದಳು, ಒಂಬತ್ತನೆಯದು ಹಿಂದಕ್ಕೆ ಮಡಚಿಕೊಂಡೇ ಉಳಿಯಿತು.

ಗುಮ್ಮಿ ಆ ಮಡಿಕೆಯನ್ನೇ ನೋಡುತ್ತಿದ್ದಳು. ಎರಡು ಹೆಜ್ಜೆ ಮುಂದೆ ಹೋಗಿ ಕಾಗದ ಬಿಡಿಸಿಬಿಟ್ಟರೆ ಸಾಕಿತ್ತು. ಕಾಲು ನೆಲಕ್ಕೆ ಹೊಲಿದಂತೆ ನಿಂತಿದ್ದವು.

"ಇದನ್ನ ಬರೆದಿದ್ದು ಯಾರು?" ಎಂದಳು ಅಂಗಡಿಯಾಕೆ. "ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಹೀಗೆ ಬರ್ಕೊಂಡು ಬಂದಿಲ್ಲ. ಹತ್ತೋಕೆ ಬಡಕಲೇ ಸರಿ ಅಂದಿರೋದು ನೂರಕ್ಕೆ ನೂರು ನಿಜ. ಕತ್ತಿ ತಗೊಂಡಿದ್ರೆ ಆ ಬೆಟ್ಟದ ಗಾಳೀಲಿ ನೀವು ಕಣಿವೆ ನೋಡ್ಕೊಂಡು ಬರ್ತಿದ್ರಿ. ಆದ್ರೂ ಈ ಒಳಗಾಲು..." ಆಕೆ ಭಾವನನ್ನು ಮೇಲಿಂದ ಕೆಳಗೆ ನೋಡಿದಳು. "ಎಪ್ಪತ್ತನಾಲ್ಕು ಬಿಂದು ಒಂಬತ್ತು ಮೂರು. ನಿಮ್ಮ ಎತ್ತರಕ್ಕೆ ಸ್ವಲ್ಪ ಕಮ್ಮಿ ಅನ್ಸತ್ತಲ್ಲ ಅಣ್ಣ? ಎಲ್ಲಿ, ಕೂತ್ಕೊಳ್ಳಿ ಒಂದ್ಸಲ."

ಭಾವ ಹತ್ತಿ ಕೂತ. ಅವನು ಫೋನಿನಲ್ಲಿ ಹೇಳಿದ್ದ ಅಳತೆಯ ಪ್ರಕಾರವೇ ಆಕೆ ಸೀಟು ಕೂರಿಸಿದ್ದಳು. ಅವನು ತುಳಿದ. ಚಕ್ರ ಗಾಳಿಯಲ್ಲಿ ಸದ್ದಿಲ್ಲದೆ ತಿರುಗಿತು.

"ಮಂಡಿ ಜಾಸ್ತಿ ಮಡಚ್ತಿದೆ," ಎಂದಳು ಅಂಗಡಿಯಾಕೆ. "ಹೇಗನ್ಸತ್ತೆ?"

"ಹಳೇ ಚಪ್ಪಲಿ ಹಾಕ್ಕೊಂಡಂಗಿದೆ! ನನ್ನ ಹಳೇ ಸೈಕಲ್ಲಲ್ಲೂ ಹೀಗೇ ಇತ್ತು."

"ಹಳೇದರಲ್ಲಿ ಮಂಡಿ ನೋವು ಅಂದ್ರಲ್ಲ?"

"ಅದು ಭಾರ ಇತ್ತು ಮೇಡಂ, ಕಬ್ಬಿಣ. ಇದು ಹಕ್ಕಿ."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ," ಎಂದ ಅಪ್ಪ, "ನಮ್ಮಳಿಯಂದ್ರು ಸೈಕಲ್ಲಿದ್ದಷ್ಟು ಕಾಲು ಮಡಚ್ತಾರೆ." ತನ್ನ ಮಾತಿಗೆ ತಾನೇ ನಕ್ಕ. ಅಕ್ಕನೂ ನಕ್ಕಳು. ಭಾವನ ಮಂಡಿ ಮೇಲೆ, ಕೆಳಗೆ, ಮೇಲೆ, ಕೆಳಗೆ ಆಡುತ್ತಿತ್ತು. ಪ್ರತಿ ಸಲ ಮೇಲೆ ಬಂದಾಗಲೂ ಅವನ ಕಣ್ಣಿನ ಅಂಚು ಒಂದಿಷ್ಟು ಕಿರಿದಾಗುವುದನ್ನು ಗುಮ್ಮಿ ಕಂಡಳು. ಅವನಿಗೇ ಅದು ತಿಳಿದಿರಲಿಲ್ಲ. ಆ ನೋವು ಅವನಿಗೆ ಅಷ್ಟು ಅಭ್ಯಾಸವಾಗಿತ್ತು.

"ಇನ್ನೊಂದ್ಸಲ ನಾನೇ ಅಳೀಲಾ?" ಎಂದಳು ಅಂಗಡಿಯಾಕೆ.

ಅಳೆಯಿರಿ, ದಯವಿಟ್ಟು ಅಳೆಯಿರಿ ಎಂದು ಗುಮ್ಮಿಯ ಒಳಗೆಲ್ಲ ಕೂಗಿತು. ತುಟಿ ಮಾತ್ರ ಅಂಟಿಕೊಂಡಿತ್ತು.

"ಏನೂ ಬೇಡ ಮೇಡಂ," ಎಂದ ಭಾವ. "ಟೇಪು ನಮ್ಮ ಮಾವಂದು, ನಲವತ್ತು ವರ್ಷದ ಅನುಭವ. ಕೈ ನಮ್ಮ ಗುಮ್ಮಿಯದು, ಬಿಂದು ಹಾಕಿ ಬರೆದಿದಾಳೆ ನೋಡಿ. ಇದಕ್ಕಿಂತ ಇನ್ನೇನು ಬೇಕು? ಇವರ ಮನೇಲಿ ಅಳತೆ ತಪ್ಪಿದ್ದು ಒಂದೇ ಸಲ, ನನಗೆ ಹೆಣ್ಣು ಕೊಟ್ಟಾಗ."

"ಹೌದು, ತೂಕ ನೋಡದೆ ಕೊಟ್ರು," ಎಂದಳು ಅಕ್ಕ.

ಅಂಗಡಿಯಾಕೆ ನಗಲಿಲ್ಲ. ನೇರವಾಗಿ ಗುಮ್ಮಿಯ ಕಡೆ ತಿರುಗಿದಳು. "ನೀನೇ ಏನಮ್ಮ ಅಳೆದಿದ್ದು?"

ಎಲ್ಲರೂ ಅವಳನ್ನೇ ನೋಡಿದರು. ಅಪ್ಪನ ಮುಖದಲ್ಲಿ ಇಷ್ಟು ಹೆಮ್ಮೆಯನ್ನು ಅವಳು ಪದವಿ ಬಂದ ದಿನವೂ ಕಂಡಿರಲಿಲ್ಲ. ಅವಳ ತಲೆ ಅವಳ ಅಪ್ಪಣೆ ಕೇಳದೆ ಮೇಲಕ್ಕೊಮ್ಮೆ ಕೆಳಗೊಮ್ಮೆ ಆಡಿತು.

"ಸರಿ ಹಾಗಾದ್ರೆ," ಎಂದು ಆಕೆ ಬಡಕಲಿನ ಹ್ಯಾಂಡಲ್ಲು ಬಿಚ್ಚಿದಳು. ಹ್ಯಾಂಡಲ್ಲು ಕೂರುವ ಕೊಳವೆ ಒಂದು ಗೇಣು ಉದ್ದಕ್ಕೆ ಎದ್ದು ನಿಂತಿತು. ಭಾವನ ತೋಳಿನ ಅಳತೆ ನೋಡಿಕೊಂಡು ಅದರ ಮೇಲೆ ಬಿಳಿ ಸೀಸದಕಡ್ಡಿಯಿಂದ ಗೆರೆ ಎಳೆದಳು. ಗೋಡೆಯಿಂದ ಸಣ್ಣ ಹಲ್ಲಿನ ಗರಗಸ ತೆಗೆದಳು. "ಹೆಚ್ಚಿರೋ ಕೊಳವೆ ಕುಯ್ದುಬಿಡ್ತೀನಿ. ಒಂದು ಮಾತು ಮೊದಲೇ ಹೇಳ್ತೀನಿ ಅಣ್ಣ. ಕುಯ್ದ ಮೇಲೆ ಇದು ನಿಮ್ಮದು. ವಾಪಸ್ ಇಲ್ಲ, ಬದಲಾವಣೆ ಇಲ್ಲ."

"ಕುಯ್ಯಿರಿ, ಕುಯ್ಯಿರಿ," ಎಂದ ಭಾವ, ಹಲ್ಲು ಕೀಳಿಸಿಕೊಳ್ಳುವವನ ಧೈರ್ಯದಲ್ಲಿ.

"ಕತ್ತರಿ ಬಿದ್ದ ಬಟ್ಟೆ, ಕೊಟ್ಟ ಮಾತು," ಎಂದು ಅಪ್ಪ ತಲೆದೂಗಿದ. ಅವಳು ಚಿಕ್ಕವಳಾಗಿದ್ದಾಗಿನಿಂದ ಕೇಳಿದ ಮಾತು ಅದು. ಕತ್ತರಿ ಹಾಕುವ ಮುಂಚೆ ಅಪ್ಪ ಯಾವಾಗಲೂ ಅದನ್ನು ಹೇಳಿ, ಒಂದು ಉಸಿರಿನಷ್ಟು ಕಾಲ ಸುಮ್ಮನಿರುತ್ತಿದ್ದ, ಬಟ್ಟೆಯೇ ಏನಾದರೂ ಬೇಡ ಎನ್ನಬಹುದೇನೋ ಎಂಬಂತೆ.

ಗರಗಸದ ಹಲ್ಲು ಬಿಳಿ ಗೆರೆಗೆ ತಾಗಿತು. ಒಂದು ಸಲ ಎಳೆಯಿತು. ನುಣ್ಣನೆಯ ಕಪ್ಪು ಪುಡಿ ಉದುರಿ ನೆಲದ ಮೇಲೆ ಬಿತ್ತು.

ತಾನು ಯಾವಾಗ ನಡೆದು ಬಂದಳೋ ಗುಮ್ಮಿಗೆ ತಿಳಿಯಲಿಲ್ಲ. ಅವಳ ಅಂಗೈ ಕೊಳವೆಯ ಮೇಲೆ, ಗೆರೆಯನ್ನು ಮುಚ್ಚಿಕೊಂಡು ಇತ್ತು. ಅಂಗಡಿಯಾಕೆ ಗರಗಸವನ್ನು ಥಟ್ಟನೆ ಹಿಂದಕ್ಕೆಳೆದು, "ಅಯ್ಯೋ, ಕೈ ತೆಗಿಯಮ್ಮ!" ಎಂದಳು.

ಅವಳು ತೆಗೆಯಲಿಲ್ಲ.

"ಏನೇ?" ಎಂದಳು ಅಕ್ಕ.

"ಏನಮ್ಮ?" ಎಂದ ಅಪ್ಪ. ಅವನ ಕೈ ತನಗೆ ತಾನೇ ಕೊರಳಿನ ಟೇಪಿಗೆ ಹೋಗಿತ್ತು.

ಭಾವ ಮಾತ್ರ ನೋವಿರುವ ಕಾಲನ್ನು ಸ್ವಲ್ಪ ಮುಂದೆ ಚಾಚಿ, ಭಾರವನ್ನೆಲ್ಲ ಇನ್ನೊಂದಕ್ಕೆ ಬಿಟ್ಟು, ಕಾಯುತ್ತ ನಿಂತ. ಬೆಟ್ಟದ ಮೂರನೆಯ ತಿರುವು, ಫೋಟೋದ ಹಿಂದಿನ ಬರಹ, ಬಚ್ಚಲಿನ ನೀರಿನ ಸದ್ದು, ಪುಸ್ತಕ ಒತ್ತಿ ಹಿಡಿಯುವ ಆ ಹಾಳು ಚಿತ್ರ, ಎಲ್ಲ ಒಟ್ಟಿಗೆ ಅವಳ ಕಿವಿಯನ್ನು ಬಿಸಿ ಮಾಡಿದವು. ಬಿಸಿಯಾಗಲಿ ಎಂದುಕೊಂಡಳು. ಅಂಗೈ ಕೆಳಗೆ ಗರಗಸ ಮಾಡಿದ ಗಾಯ ಕೂದಲೆಳೆಯಷ್ಟಿತ್ತು. ಗೆರೆಯ ಮೇಲೆ ಕುಯ್ಯಬೇಕಿದ್ದ ಕೊಳವೆ ಇನ್ನೂ ಹಾಗೆಯೇ ಇತ್ತು.

ದನಿ ಬಂದಾಗ ಅದು ಅವಳು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿತ್ತು.

"ಭಾವ, ನಾನು ನಿಮ್ಮ ಒಳಗಾಲು ಅಳೆದೇ ಇಲ್ಲ."